ಒಂದೇ ಇಂಜೆಕ್ಷನ್ನಿನ ಹಾರ್ಟ್ ಸ್ಕ್ಯಾನ್ ನಾರ್ಮಲ್ ಬಂದಿದೆ, ಈ ನಾರ್ಮಲ್ ಎಷ್ಟು ವರ್ಷಕ್ಕೆ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಗಂಗಾವತಿಯವನು, ವಯಸ್ಸು 54. ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎಂಟು ವರ್ಷದಿಂದ ಶುಗರ್ ಇದೆ, ಬಿಪಿ ಗುಳಿಗೆಯೂ ನಡೆದಿದೆ. ಶ್ರಾವಣದಲ್ಲಿ ಅಂಜನಾದ್ರಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲೇ ದಮ್ಮು ಹತ್ತಿ, ಎದೆ ಬಿಗಿದಂತಾಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ಮಾಡಿಸಿದೆ. ಏಳು ನಿಮಿಷ ನಡೆದೆ, ಎದೆ ನೋವು ಬರಲಿಲ್ಲ. ಆದರೆ ಇಸಿಜಿಯಲ್ಲಿ ಗೆರೆ ಒಂದು ಮಿಲಿಮೀಟರ್ ಇಳಿದಿದೆ, ಅನುಮಾನ ಇದೆ ಎಂದರು. ಆಮೇಲೆ ದೊಡ್ಡ ಊರಿಗೆ ಹೋಗಿ ಸ್ಟ್ರೆಸ್ ಥ್ಯಾಲಿಯಂ ಅನ್ನುವ ಹಾರ್ಟ್ ಸ್ಕ್ಯಾನ್ ಮಾಡಿಸಿದೆ. ಹಿಂದೆ ನಮ್ಮ ಭಾವನಿಗೆ ಇದೇ ಟೆಸ್ಟ್ ಮಾಡಿದಾಗ ಎರಡು ಇಂಜೆಕ್ಷನ್, ಎರಡು ಸಲ ಫೋಟೋ, ಇಡೀ ದಿನ ಹಿಡಿದಿತ್ತು. ನನಗೆ ಒಂದೇ ಇಂಜೆಕ್ಷನ್, ಕೆಲವೇ ನಿಮಿಷದ ಫೋಟೋ. "ನಾರ್ಮಲ್ ಇದೆ, ಎರಡನೆಯದು ಬೇಕಾಗಿಲ್ಲ, ಡೋಸ್ ಕಮ್ಮಿ ಕೊಟ್ಟಿದ್ದೇವೆ, 3 ಮಿಲಿಸೀವರ್ಟ್ ವಿಕಿರಣ ಅಷ್ಟೇ" ಎಂದು ಕಳಿಸಿದರು. ಡೋಸ್ ಕಮ್ಮಿ ಅಂದ್ರೆ ಪರೀಕ್ಷೆಯೂ ಅರ್ಧಂಬರ್ಧ ಅಲ್ವಾ? ಈ ನಾರ್ಮಲ್ ಎಷ್ಟು ವರ್ಷ ನಡೆಯುತ್ತದೆ? ವರ್ಷಾ ವರ್ಷಾ ಮಾಡಿಸಬೇಕಾ? ಕೊಲೆಸ್ಟ್ರಾಲ್ ಗುಳಿಗೆ ಇನ್ನು ಬಿಡಬಹುದಾ? ಇದರಿಂದ ಕ್ಯಾನ್ಸರ್ ಬರುತ್ತದೆ ಎಂದು ಮಗ ಹೆದರಿಸುತ್ತಾನೆ. ಆ ಭಯಕ್ಕೆ ಎಂಟು ದಿನದಿಂದ ಮೊಮ್ಮಗಳನ್ನು ಎತ್ತಿಕೊಂಡಿಲ್ಲ.

ಉತ್ತರ: ನಮಸ್ಕಾರ. ಮೊದಲು ಮೊಮ್ಮಗಳ ವಿಷಯ ಮುಗಿಸಿಬಿಡೋಣ. ಈ ಸಾಲು ಓದಿದ ಕೂಡಲೇ ಎದ್ದು ಹೋಗಿ ಅವಳನ್ನು ಎತ್ತಿಕೊಳ್ಳಿ.

ನಿಮಗೆ ಚುಚ್ಚಿದ ಮದ್ದಿನಲ್ಲಿದ್ದದ್ದು ಟೆಕ್ನೀಷಿಯಂ-99ಎಂ ಅನ್ನುವ, ವಿಕಿರಣ ಸೂಸುವ ವಸ್ತು. ಅದರ ಅರ್ಧಾಯುಷ್ಯ 6 ತಾಸು. ಬೆಳಿಗ್ಗೆ 10ಕ್ಕೆ ಇಂಜೆಕ್ಷನ್ ಆಗಿದ್ದರೆ ಸಂಜೆ 4ಕ್ಕೆ ಅರ್ಧ ಉಳಿದಿರುತ್ತದೆ, ರಾತ್ರಿ 10ಕ್ಕೆ ಕಾಲು, ಮರುದಿನ ಬೆಳಿಗ್ಗೆ 10ಕ್ಕೆ ಹದಿನಾರರಲ್ಲಿ ಒಂದು ಪಾಲು. ಮೂತ್ರ, ಮಲದಲ್ಲಿ ಹೋಗುವುದು ಬೇರೆ. ಅವತ್ತೊಂದು ದಿನ ಚೆನ್ನಾಗಿ ನೀರು ಕುಡಿದು, ಪುಟ್ಟ ಮಕ್ಕಳನ್ನು ಬಹಳ ಹೊತ್ತು ಮಡಿಲಲ್ಲಿ ಕೂರಿಸಿಕೊಳ್ಳದೆ ಇದ್ದಿದ್ದರೆ ಸಾಕಿತ್ತು. ಎಂಟು ದಿನ ಅಂದರೆ 32 ಸಲ ಅರ್ಧವಾಯಿತು. ಉಳಿದದ್ದು ಏನೂ ಇಲ್ಲ. ಈ ಮಾತನ್ನು ಸ್ಕ್ಯಾನ್ ಮಾಡಿದವರೇ ಹೇಳಿ ಕಳಿಸಬೇಕಿತ್ತು. ನಾವು ಡಾಕ್ಟರುಗಳು ಇಂಥ ಚಿಕ್ಕ ವಿಷಯವನ್ನೇ ಹೇಳುವುದು ಮರೆಯುತ್ತೇವೆ. ಮನೆಗೆ ಹೋದ ಮೇಲೆ ಅದೇ ದೊಡ್ಡದಾಗಿ ಕಾಡುತ್ತದೆ.

ಟೆಕ್ನೀಷಿಯಂ ಆದರೆ ಎಲ್ಲರೂ ಥ್ಯಾಲಿಯಂ ಅನ್ನುವುದು ಯಾಕೆ? ಹಳೇ ಹೆಸರು ನಾಲಿಗೆಯಲ್ಲಿ ಉಳಿದುಬಿಟ್ಟಿದೆ, ಅಷ್ಟೇ. ಮೊದಲು ಈ ಪರೀಕ್ಷೆಗೆ ನಿಜವಾಗಿ ಥ್ಯಾಲಿಯಂ-201 ಬಳಸುತ್ತಿದ್ದರು. ಅದರ ಅರ್ಧಾಯುಷ್ಯ ಸುಮಾರು 73 ತಾಸು, ಮೂರು ದಿನ. ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುವುದರಿಂದ ವಿಕಿರಣವೂ ಜಾಸ್ತಿ. ಈಗ ಹೆಚ್ಚಿನ ಕಡೆ ಟೆಕ್ನೀಷಿಯಂ ಬಂದಿದೆ. ಆದರೂ ಚೀಟಿಯಲ್ಲಿ ಥ್ಯಾಲಿಯಂ ಎಂದೇ ಬರೆಯುತ್ತಾರೆ, ಬಳ್ಳಾರಿಯಲ್ಲಿ ಕೂತ ನಾನೂ ಹಾಗೇ ಬರೆಯುತ್ತೇನೆ. ಈ ಟೆಕ್ನೀಷಿಯಂ ತಯಾರಿಸುವ ರೀತಿ ಸ್ವಾರಸ್ಯವಾಗಿದೆ. ಆಸ್ಪತ್ರೆಗೆ ಸೀಸದ ಕವಚದಲ್ಲಿ ಒಂದು ಡಬ್ಬಿ ಬರುತ್ತದೆ. ಒಳಗೆ ಮಾಲಿಬ್ಡಿನಂ-99 ಇರುತ್ತದೆ. ಅದು ತಾನಾಗಿ ಟೆಕ್ನೀಷಿಯಂ ಆಗುತ್ತಾ ಹೋಗುತ್ತದೆ. ಬೇಕಾದಾಗ ಉಪ್ಪುನೀರು ಹಾಯಿಸಿ ಟೆಕ್ನೀಷಿಯಂ ಇಳಿಸಿಕೊಳ್ಳುತ್ತಾರೆ. ಆ ಕೆಲಸಕ್ಕೆ ಲ್ಯಾಬಿನವರು ಹಾಲು ಕರೆಯುವುದು ಅನ್ನುತ್ತಾರೆ, ಡಬ್ಬಿಗೆ ಹಸು ಅನ್ನುತ್ತಾರೆ. ಮಾಲಿಬ್ಡಿನಂನ ಅರ್ಧಾಯುಷ್ಯ 66 ತಾಸು. ಹಾಗಾಗಿ ಡಬ್ಬಿ ಬಂದ ಹೊಸತರಲ್ಲಿ ಹಾಲು ಹೇರಳ, ವಾರ ಕಳೆಯುವ ಹೊತ್ತಿಗೆ ಹಸು ಬತ್ತುತ್ತದೆ. "ಇಂಥ ದಿನವೇ ಬನ್ನಿ" ಎಂದು ಸ್ಕ್ಯಾನ್ ಸೆಂಟರಿನವರು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಒಂದೇ ಇಂಜೆಕ್ಷನ್, ಕಮ್ಮಿ ಡೋಸ್. ಮೋಸ ಆಯಿತಾ?

ಇಲ್ಲ. ನೀವು ಗಂಗಾವತಿಯವರು, ತುಂಗಭದ್ರಾ ಎಡದಂಡೆ ನಾಲೆ ನೋಡಿಕೊಂಡೇ ಬೆಳೆದಿರುತ್ತೀರಿ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಯಾರಿಗೂ ಜಾಸ್ತಿ ನೀರು ಬೇಡದ ದಿನಗಳಲ್ಲಿ ಕೊನೆ ಭಾಗದ ಹೊಲಕ್ಕೂ ನೀರು ಮುಟ್ಟುತ್ತದೆ. ನಾಲೆಯಲ್ಲಿ ಅಲ್ಲಲ್ಲಿ ಹೂಳು ತುಂಬಿದ್ದರೂ ಗೊತ್ತಾಗುವುದಿಲ್ಲ. ನಾಟಿ ಶುರುವಾಗಿ ಎಲ್ಲರೂ ಒಮ್ಮೆಗೇ ತೂಬು ತೆಗೆದಾಗ ನೋಡಿ, ಕೊನೆ ಭಾಗದವನು ಒಣ ಗದ್ದೆಯಲ್ಲಿ ನಿಂತಿರುತ್ತಾನೆ. ಹೃದಯದ ರಕ್ತನಾಳವೂ ಹಾಗೇ. ಸುಮ್ನೆ ಕೂತಾಗ 70% ಮುಚ್ಚಿದ ನಾಳವೂ ಸಾಕಷ್ಟು ರಕ್ತ ಕೊಟ್ಟುಬಿಡುತ್ತದೆ. ಕೊರತೆ ಕಾಣುವುದು ಹೃದಯಕ್ಕೆ ಬೇಡಿಕೆ ಏರಿದಾಗ. ಅದಕ್ಕೇ ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಸುಸ್ತಾಗುವ ತನಕ ನಡೆಸಿ, ಆ ತುತ್ತತುದಿಯಲ್ಲಿ ಇಂಜೆಕ್ಷನ್ ಕೊಡುವುದು. ಮದ್ದು ರಕ್ತದ ಜೊತೆ ಹೃದಯದ ಸ್ನಾಯುವಿಗೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ. ರಕ್ತ ಎಷ್ಟು ಹೋಯಿತೋ ಅದಕ್ಕೆ ತಕ್ಕಂತೆ ಮದ್ದು ಕೂತಿರುತ್ತದೆ. ಆಮೇಲೆ ನೀವು ಆರಾಮಾಗಿ ಹಾಲು ಕುಡಿದು, ಅರ್ಧ ಮುಕ್ಕಾಲು ತಾಸು ಬಿಟ್ಟು ಕ್ಯಾಮೆರಾ ಕೆಳಗೆ ಮಲಗಿದರೂ ಕಾಣುವುದು ಓಟದ ತುದಿಯಲ್ಲಿದ್ದ ರಕ್ತದ ಹರಿವೇ.

ಭಾವನಿಗೆ ತೆಗೆದ ಎರಡನೇ ಫೋಟೋ ಸುಮ್ನೆ ಕೂತಾಗಿನದು. ಅದರಿಂದ ಏನು ಉಪಯೋಗ? ಓಟದ ಫೋಟೋದಲ್ಲಿ ಎಲ್ಲೋ ಕಪ್ಪು ಕಲೆ ಕಂಡರೆ, ಅದು ಓಡುವಾಗ ಮಾತ್ರ ಆಗುವ ಕೊರತೆಯೋ, ಅಥವಾ ಹಿಂದೆಂದೋ ಹಾರ್ಟ್ ಅಟ್ಯಾಕ್ ಆಗಿ ಸತ್ತ ಜಾಗವೋ ಎಂದು ಬೇರೆ ಮಾಡಲು. ಕಲೆಯೇ ಇಲ್ಲದಿದ್ದರೆ? ನಾಟಿ ಕಾಲದಲ್ಲೇ ಕೊನೆ ಭಾಗಕ್ಕೆ ನೀರು ಮುಟ್ಟಿದೆ ಅಂದಮೇಲೆ, ಬೇಡಿಕೆ ಇಲ್ಲದಾಗ ಮುಟ್ಟುತ್ತದಾ ಎಂದು ಮತ್ತೆ ಹೋಗಿ ನೋಡುವುದು ಯಾಕೆ?

ಇದು ಬರೀ ತರ್ಕ ಅಲ್ಲ, ಲೆಕ್ಕ ಹಾಕಿ ನೋಡಿದ್ದಾರೆ. 2010ರಲ್ಲಿ ಅಮೆರಿಕದಿಂದ ಒಂದು ದೊಡ್ಡ ಅಧ್ಯಯನ ಬಂತು. ಸ್ಕ್ಯಾನ್ ನಾರ್ಮಲ್ ಬಂದ 16,854 ಜನರನ್ನು ಸರಾಸರಿ ನಾಲ್ಕೂವರೆ ವರ್ಷ ಹಿಂಬಾಲಿಸಿದರು. ಕೆಲವರಿಗೆ ಓಟದ ಫೋಟೋ ಮಾತ್ರ ತೆಗೆದಿದ್ದರು, ಉಳಿದವರಿಗೆ ಎರಡೂ. ಎರಡು ಗುಂಪಿನಲ್ಲೂ ಸಾವಿನ ಪ್ರಮಾಣ ಒಂದೇ ರೀತಿ ಇತ್ತು. ವಿಕಿರಣ ಮಾತ್ರ ಒಂದೇ ಫೋಟೋದವರಿಗೆ 61% ಕಮ್ಮಿ. ನಿಮ್ಮ ಸ್ಕ್ಯಾನ್ ಸೆಂಟರಿನವರು ಮಾಡಿದ್ದು ಇದನ್ನೇ. ಎರಡನೇ ಇಂಜೆಕ್ಷನ್ ಉಳಿಸಿ ದುಡ್ಡು ಮಾಡಲಿಲ್ಲ, ನಿಮಗೆ ಒಳ್ಳೆಯದನ್ನೇ ಮಾಡಿದ್ದಾರೆ.

ಮೊದಲು ಡೋಸ್ ಅಷ್ಟು ಯಾಕೆ ಬೇಕಿತ್ತು ಅನ್ನುವುದಕ್ಕೂ ಎರಡು ಮಾತು. ಒಂದೇ ದಿನ ಎರಡು ಫೋಟೋ ತೆಗೆಯುವಾಗ ಬೆಳಗಿನ ಮದ್ದು ಮಧ್ಯಾಹ್ನವೂ ಹೃದಯದಲ್ಲಿ ಹೊಳೆಯುತ್ತಿರುತ್ತದೆ. ಅದನ್ನು ಮುಚ್ಚಿಹಾಕಬೇಕೆಂದರೆ ಎರಡನೆಯದನ್ನು ಮೂರು ಪಟ್ಟು ಕೊಡಬೇಕು. ಇದು ಒಂದು. ಇನ್ನೊಂದು ಕ್ಯಾಮೆರಾ. ಹಳೇ ಗಾಮಾ ಕ್ಯಾಮೆರಾದ ಮುಂದೆ ಸೀಸದ ಜರಡಿ ಇರುತ್ತದೆ, ಮೈಯಿಂದ ಹೊರಟ ಕಿರಣಗಳಲ್ಲಿ ತೀರಾ ಸ್ವಲ್ಪವೇ ಒಳಗೆ ಹೋಗುತ್ತವೆ. ಈಗ ಬಂದಿರುವ ಕ್ಯಾಡ್ಮಿಯಂ-ಜಿಂಕ್-ಟೆಲ್ಯುರೈಡ್ ಕ್ಯಾಮೆರಾಗಳು ಹೃದಯದ ಕಡೆಗೇ ಮುಖ ಮಾಡಿ ಅದಕ್ಕಿಂತ ಎಷ್ಟೋ ಜಾಸ್ತಿ ಕಿರಣ ಹಿಡಿಯುತ್ತವೆ. ಕಣ್ಣು ಚುರುಕಾದರೆ ದೀಪ ಚಿಕ್ಕದಿದ್ದರೂ ನಡೆಯುತ್ತದಲ್ಲ, ಹಾಗೆ. ನಿಮ್ಮ ಫೋಟೋ ಕೆಲವೇ ನಿಮಿಷಕ್ಕೆ ಮುಗಿಯಿತು ಅಂದದ್ದನ್ನು ನೋಡಿದರೆ ಇಂಥದ್ದೇ ಕ್ಯಾಮೆರಾ ಇರಬೇಕು.

ಕ್ಯಾಮೆರಾ ಎಷ್ಟೇ ಒಳ್ಳೆಯದಾದರೂ ಒಂದು ತೊಡಕು ಇದ್ದೇ ಇದೆ. ಗಂಡಸರಲ್ಲಿ ಹೊಟ್ಟೆಯ ಮೇಲಿನ ವಪೆ, ಹೆಂಗಸರಲ್ಲಿ ಎದೆ, ಕಿರಣಗಳಿಗೆ ಅಡ್ಡ ಬರುತ್ತವೆ. ಆಗ ಇಲ್ಲದ ಕಲೆ ಇದ್ದಂತೆ ಕಾಣುತ್ತದೆ. ಅದನ್ನು ಬಿಡಿಸಿಕೊಳ್ಳಲು ಬೋರಲು ಮಲಗಿಸಿ ಇನ್ನೊಂದು ಸಲ ತೆಗೆಯುತ್ತಾರೆ, ಇಲ್ಲವೇ ಸಣ್ಣ ಸಿಟಿ ಸ್ಕ್ಯಾನ್ ಜೊತೆಗೆ ಮಾಡಿ ಸರಿಪಡಿಸುತ್ತಾರೆ. ನಿಮ್ಮನ್ನು ಬೋರಲು ಮಲಗಿಸಿದ್ದರಾ ನೆನಪು ಮಾಡಿಕೊಳ್ಳಿ, ಅಥವಾ ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿ. ಇವೆರಡರಲ್ಲಿ ಒಂದಾದರೂ ಆಗಿದ್ದರೆ ಒಂದೇ ಫೋಟೋದ ನಾರ್ಮಲ್ ಮೇಲೆ ನನಗೆ ನಂಬಿಕೆ ಇನ್ನೂ ಜಾಸ್ತಿ. ಹಿಂದೆ ಹಾರ್ಟ್ ಅಟ್ಯಾಕ್ ಆದವರಿಗೆ, ಎಕೋದಲ್ಲಿ ಹೃದಯ ಬಲಹೀನ ಅಂತ ಬಂದವರಿಗೆ, ಬಹಳ ದಪ್ಪ ಇದ್ದವರಿಗೆ ಒಂದೇ ಫೋಟೋದಲ್ಲಿ ಕೆಲಸ ಮುಗಿಯುವುದು ಕಷ್ಟ. ಅವರು ನಿಮ್ಮ ಭಾವನ ಹಾಗೆ ಇಡೀ ದಿನ, ಕೆಲವೊಮ್ಮೆ ಎರಡು ದಿನ ಕೊಡಬೇಕಾಗುತ್ತದೆ.

ಕ್ಯಾನ್ಸರ್ ಭಯ. ನಾವು ಏನೂ ಮಾಡಿಸದೆ ಮನೆಯಲ್ಲಿ ಕೂತರೂ ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ವರ್ಷಕ್ಕೆ ವಿಕಿರಣ ಬರುತ್ತಲೇ ಇರುತ್ತದೆ. ಅದರ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ನಿಮ್ಮ ಸ್ಕ್ಯಾನ್ 3. ಅಂದರೆ ಒಂದು ವರ್ಷ, ಮೇಲೆ ಮೂರು ತಿಂಗಳು ಈ ಭೂಮಿಯ ಮೇಲೆ ಬದುಕಿದಷ್ಟು. 2013ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು 65 ದೇಶಗಳ 308 ಲ್ಯಾಬುಗಳಲ್ಲಿ ಇದೇ ಪರೀಕ್ಷೆಯ ಡೋಸ್ ಅಳೆದರು. ಅಲ್ಲಿ ನಡುವಿನ ಅಂಕಿ 10 ಮಿಲಿಸೀವರ್ಟ್ ಇತ್ತು. ನಿಮಗೆ ಬಿದ್ದದ್ದು ಅದರ ಮೂರನೇ ಒಂದು ಪಾಲಿಗಿಂತ ಕಮ್ಮಿ. ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ. 54ನೇ ವಯಸ್ಸಿನಲ್ಲಿ, ಶುಗರ್ ಇದ್ದು, ಮೆಟ್ಟಿಲ ಮೇಲೆ ಎದೆ ಬಿಗಿದವರಿಗೆ ಹೃದಯದ ಚಿಂತೆಯ ಎದುರು ಇದು ಲೆಕ್ಕಕ್ಕೇ ಬರುವುದಿಲ್ಲ. ಮಗನಿಗೆ ಸಿಟ್ಟು ಮಾಡಬೇಡಿ, ಕಾಳಜಿಗೇ ಹೇಳಿದ್ದಾನೆ. ಅದೇ ಕಾಳಜಿಯನ್ನು ನಿಮ್ಮ ಶುಗರ್ ಮೇಲೆ ತೋರಿಸಲಿ ಅನ್ನಿ.

ಇನ್ನು ಎಷ್ಟು ವರ್ಷ ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ನಿಧಾನವಾಗಿ ಹೋಗಬೇಕು.

ಪಂಪ್‌ಸೆಟ್ ಕೊಂಡಾಗ ವಾರಂಟಿ ಕಾರ್ಡ್ ಕೊಡುತ್ತಾರೆ. ಈ ಸ್ಕ್ಯಾನಿಗೂ ವಾರಂಟಿ ಎಷ್ಟು ಎಂದು ಡಾಕ್ಟರುಗಳೇ ಕೇಳಿಕೊಂಡಿದ್ದಾರೆ. 2003ರಲ್ಲಿ ಅದೇ ಮಾತನ್ನು ತಲೆಬರಹದಲ್ಲಿ ಇಟ್ಟುಕೊಂಡ ಒಂದು ಅಧ್ಯಯನ ಬಂತು, ನಾರ್ಮಲ್ ಬಂದ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ. ಇಷ್ಟು ವರ್ಷಗಳ ಇಂಥ ಕೆಲಸದಿಂದ ನಿಂತಿರುವ ಮಾತು ಇದು: ಸ್ಕ್ಯಾನ್ ನಾರ್ಮಲ್ ಇದ್ದರೆ ಹಾರ್ಟ್ ಅಟ್ಯಾಕ್ ಅಥವಾ ಹೃದಯದಿಂದ ಸಾವು ಬರುವ ಸಾಧ್ಯತೆ ವರ್ಷಕ್ಕೆ 1%ಕ್ಕಿಂತ ಕಮ್ಮಿ. ನೂರು ಜನ ಇಂಥವರನ್ನು ಒಂದು ವರ್ಷ ಕೂರಿಸಿದರೆ ಒಬ್ಬರಿಗೂ ಆಗದೆ ಇರಬಹುದು, ಆದರೆ ಒಬ್ಬರಿಗೆ ಆಗಬಹುದು.

ಆದರೆ ಎಲ್ಲರ ವಾರಂಟಿಯೂ ಒಂದೇ ಅಲ್ಲ. ಅದೇ ಅಧ್ಯಯನದಲ್ಲಿ ವಯಸ್ಸು ಜಾಸ್ತಿ ಆದವರಿಗೆ, ಶುಗರ್ ಇದ್ದವರಿಗೆ, ಮೊದಲೇ ಹೃದಯ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ ಇತ್ತು. ನಡೆಯಲಾಗದೆ ಇಂಜೆಕ್ಷನ್ ಕೊಟ್ಟು ಹೃದಯಕ್ಕೆ ಒತ್ತಡ ಹಾಕಿಸಿಕೊಂಡವರಿಗೂ ಜಾಸ್ತಿ. ಮೊದಲೇ ಕಾಯಿಲೆ ಇದ್ದವರಲ್ಲಿ ಇನ್ನೊಂದು ವಿಷಯ ಕಂಡಿತು. ಮೊದಲ ವರ್ಷಕ್ಕಿಂತ ಎರಡನೇ ವರ್ಷ ಅಪಾಯ ಏರುತ್ತಿತ್ತು. ಅಂದರೆ ನಾರ್ಮಲ್ ಅನ್ನುವ ಒಂದೇ ಪದ ಇಬ್ಬರ ರಿಪೋರ್ಟಿನಲ್ಲಿದ್ದರೂ ಅರ್ಥ ಬೇರೆ. ಶುಗರ್ ಇಲ್ಲದ, ಹನ್ನೆರಡು ನಿಮಿಷ ಓಡಿದ 45ರ ಹೆಣ್ಣುಮಗಳ ನಾರ್ಮಲ್ ಹಲವು ವರ್ಷ ಗಟ್ಟಿ. ನಿಮ್ಮದು ಅಷ್ಟು ದೂರ ಬರುವುದಿಲ್ಲ. ಶುಗರ್ ಇದ್ದವರ ನಾರ್ಮಲ್ ಬೇಗ ಹಳತಾಗುತ್ತದೆ. ಸುಮಾರು ಎರಡು ವರ್ಷ ಅದನ್ನು ನೆಚ್ಚಿಕೊಳ್ಳಬಹುದು. ಆಮೇಲೆ ನಿಮ್ಮ ಸ್ಥಿತಿ ನೋಡಿಯೇ ಮಾತಾಡಬೇಕು. ಇದು ನನ್ನ ಅಂದಾಜು, ಇದಕ್ಕೆ ಕ್ಯಾಲೆಂಡರಿನ ಗೆರೆ ಇಲ್ಲ.

ಜನ ಸ್ಕ್ಯಾನಿನ ಬಣ್ಣದ ಚಿತ್ರ ನೋಡಿ ಮರುಳಾಗುತ್ತಾರೆ. ನಾನು ಮೊದಲು ನೋಡುವುದು ಎಷ್ಟು ನಿಮಿಷ ನಡೆದರು ಎಂದು. ನಿಮ್ಮ ಟಿಎಂಟಿ ಹೆಚ್ಚಿನ ಕಡೆ ಬಳಸುವ ಬ್ರೂಸ್ ಪದ್ಧತಿಯದು ಎಂದುಕೊಳ್ಳೋಣ. ಪ್ರತಿ ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಕಡಿದಾಗುತ್ತದೆ. ಇದಕ್ಕೆ ಡ್ಯೂಕ್ ಸ್ಕೋರ್ ಎಂದು ಒಂದು ಹಳೇ ಲೆಕ್ಕ ಇದೆ. ನೀವು ಲೆಕ್ಕದವರು, ಕೈಯಲ್ಲೇ ಹಾಕಬಹುದು. ನಡೆದ ನಿಮಿಷ ಬರೆದುಕೊಳ್ಳಿ, 7. ಇಸಿಜಿ ಎಷ್ಟು ಮಿಲಿಮೀಟರ್ ಇಳಿದಿದೆಯೋ ಅದನ್ನು ಐದರಿಂದ ಗುಣಿಸಿ ಕಳೆಯಿರಿ, 5. ಎದೆ ನೋವು ಬಂದಿದ್ದರೆ ಇನ್ನೂ 4, ಆ ನೋವಿಗೆ ಟೆಸ್ಟ್ ನಿಲ್ಲಿಸಿದ್ದರೆ 8 ಕಳೆಯಬೇಕಿತ್ತು. ನಿಮಗೆ ಬಂದಿಲ್ಲ. ಉಳಿದದ್ದು 2. ಐದು ಅಥವಾ ಮೇಲೆ ಬಂದರೆ ಅಪಾಯ ಕಮ್ಮಿ. ಮೈನಸ್ 11 ಅಥವಾ ಕೆಳಗೆ ಹೋದರೆ ಜಾಸ್ತಿ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಮ್ಮಿ ಅಪಾಯದವರಲ್ಲಿ 99% ಜನ ನಾಲ್ಕು ವರ್ಷದ ಮೇಲೂ ಬದುಕಿದ್ದರು. ನಡುವಿನವರಲ್ಲಿ 95%, ಜಾಸ್ತಿ ಅಪಾಯದವರಲ್ಲಿ 79%. ನೀವು ನಡುವಿನ ಗುಂಪು. ನಡುವಿನವರನ್ನೇ ಸ್ಕ್ಯಾನಿಗೆ ಕಳಿಸುವುದು ಸರಿಯಾದ ದಾರಿ. ಮೇಲಿನವರಿಗೆ ಅದು ಬೇಕಿಲ್ಲ, ಕೆಳಗಿನವರಿಗೆ ಆಂಜಿಯೋಗ್ರಾಂ ಕಡೆಗೇ ಯೋಚಿಸಬೇಕು. ನಿಮ್ಮ ಡಾಕ್ಟರ್ ಸರಿಯಾಗಿಯೇ ಕಳಿಸಿದ್ದಾರೆ.

ಏಳು ನಿಮಿಷವನ್ನು ಒಂಬತ್ತು ಮಾಡಿ. ಬ್ರೂಸ್ ಪದ್ಧತಿಯಲ್ಲಿ ಒಂಬತ್ತು ನಿಮಿಷ ಮುಗಿಸಿದವರು ಸುಮಾರು 10 ಮೆಟ್ ಕೆಲಸ ಮಾಡಿದಂತೆ, ಅಂದರೆ ಸುಮ್ನೆ ಕೂತಾಗ ಮೈ ಬಳಸುವ ಆಮ್ಲಜನಕದ ಹತ್ತು ಪಟ್ಟು. ಅಷ್ಟು ಮಾಡಬಲ್ಲವರಲ್ಲಿ ದೊಡ್ಡ ಮಟ್ಟದ ರಕ್ತದ ಕೊರತೆ ಸಿಗುವುದೇ ಅಪರೂಪ. ದಿನಾ ನಡೆದರೆ ಆರು ತಿಂಗಳಲ್ಲಿ ಆ ಎರಡು ನಿಮಿಷ ಗಳಿಸುವುದು ಆಗದ ಮಾತಲ್ಲ. ನಮ್ಮ ಕಡೆ ಬಿಸಿಲು ನೋಡಿಕೊಂಡು ನಡೆಯಿರಿ ಅಷ್ಟೇ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಟಿಎಂಟಿ ಮಾಡುವಾಗ ಹೃದಯದ ಬಡಿತ ಎಲ್ಲಿಗೆ ಮುಟ್ಟಿತ್ತು ಎಂದೂ ನೋಡಿ. 220ರಲ್ಲಿ ನಿಮ್ಮ ವಯಸ್ಸು 54 ಕಳೆದರೆ 166. ಅದರ 85%, ಅಂದರೆ 141 ಮುಟ್ಟಬೇಕು. ಮುಟ್ಟದೆ ನಿಲ್ಲಿಸಿದ್ದರೆ ಎಲ್ಲರೂ ತೂಬು ತೆಗೆಯುವ ಮೊದಲೇ ನಾಲೆ ನೋಡಿ ಬಂದ ಹಾಗೆ. ಸ್ಕ್ಯಾನ್ ದಿನ ನಿಮ್ಮ ಬಡಿತ ಎಷ್ಟಿತ್ತು ಎಂದು ರಿಪೋರ್ಟಿನಲ್ಲಿ ಇರುತ್ತದೆ. ಅದು 141ಕ್ಕೆ ಬಂದಿರದಿದ್ದರೆ ನನಗೆ ತಿಳಿಸಿ, ನಾನು ಮೇಲೆ ಹೇಳಿದ ಭರವಸೆಯಲ್ಲಿ ಸ್ವಲ್ಪ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ. ನಡೆಯಲಾಗದವರಿಗೆ ಅಡಿನೋಸಿನ್ ಥರದ ಮದ್ದು ಕೊಟ್ಟು ನಾಳ ಹಿಗ್ಗಿಸುತ್ತಾರೆ. ಅದಕ್ಕೆ ಚಹಾ, ಕಾಫಿ ಹಿಂದಿನ ದಿನದಿಂದಲೇ ಬಂದ್. ಸಿರುಗುಪ್ಪದ ಒಬ್ಬ ಅಜ್ಜ ರಾತ್ರಿ ಬಸ್ಸಿಗೆ ಹೋಗಿ, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಒಂದು ಕಪ್ ಚಹಾ ಕುಡಿದು ಸ್ಕ್ಯಾನಿಗೆ ಹೋದ. ವಾಪಸ್ ಕಳಿಸಿದರು. ಚಹಾದಲ್ಲಿರುವ ಕೆಫೀನ್ ಆ ಮದ್ದನ್ನು ಕೆಲಸ ಮಾಡಲು ಬಿಡುವುದಿಲ್ಲ. "ಹಾಲು ಹಾಕಿದ ಚಹಾ ಡಾಕ್ಟ್ರೇ" ಎಂದು ಆತ ನನ್ನ ಹತ್ತಿರ ವಾದ ಮಾಡಿದ.

ಕೊಲೆಸ್ಟ್ರಾಲ್ ಗುಳಿಗೆ ಬಿಡಬಹುದಾ ಎಂದು ಕೇಳಿದ್ದೀರಿ. ಬಿಡಬೇಡಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆದರಿಕೆ ಆದದ್ದು ಈ ಒಂದು ಸಾಲಿಗೆ.

ಸ್ಕ್ಯಾನ್ ತೋರಿಸುವುದು ಹರಿವನ್ನು. ನಾಳದ ಗೋಡೆಯನ್ನು ಅಲ್ಲ. ನಿಮ್ಮ ನಾಳದ ಗೋಡೆಯಲ್ಲಿ ಕೊಬ್ಬಿನ ಗಂಟು ಇದ್ದು, ಅದು ಹರಿವಿಗೆ ಅಡ್ಡ ಬರುವಷ್ಟು ದೊಡ್ಡದಾಗಿರದಿದ್ದರೆ ಸ್ಕ್ಯಾನ್ ಚೊಕ್ಕಟ ನಾರ್ಮಲ್ ಬರುತ್ತದೆ. ಆದರೆ ಹಾರ್ಟ್ ಅಟ್ಯಾಕುಗಳಲ್ಲಿ ಎಷ್ಟೋ ಆಗುವುದು ಇಂಥ ಸಣ್ಣ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ. ನಾಲೆಯಲ್ಲಿ ನೀರು ಸರಾಗ ಹರಿಯುತ್ತಿದ್ದಾಗಲೇ ಒಂದು ರಾತ್ರಿ ದಂಡೆ ಕುಸಿದ ಹಾಗೆ. ಸ್ಟ್ಯಾಟಿನ್, ಅಂದರೆ ನಿಮ್ಮ ಕೊಲೆಸ್ಟ್ರಾಲ್ ಗುಳಿಗೆ, ಆ ಗಂಟನ್ನು ಗಟ್ಟಿ ಮಾಡಿ, ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಅದು ದಂಡೆಗೆ ಕಲ್ಲು ಕಟ್ಟುವ ಕೆಲಸ. ಹರಿವು ಚೆನ್ನಾಗಿದೆ ಎಂದು ಆ ಕೆಲಸ ನಿಲ್ಲಿಸುತ್ತಾರಾ? ನಮ್ಮ ದೇಶದ ಹೃದಯ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಜಾಸ್ತಿ ಅಪಾಯ ಇರುವವರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 70ರ ಕೆಳಗೆ ಇರಬೇಕು ಎಂದಿದೆ. ಎಂಟು ವರ್ಷದ ಶುಗರ್, ಜೊತೆಗೆ ಬಿಪಿ ಇರುವ ನೀವು ಆ ಸಾಲಿನಲ್ಲಿ ಬರುತ್ತೀರಿ. ಪತ್ರದಲ್ಲಿ ಎಲ್‌ಡಿಎಲ್ ಎಷ್ಟು ಎಂದು ಬರೆದಿಲ್ಲ. ಸ್ಕ್ಯಾನಿಗೆ ಕೊಟ್ಟ ದುಡ್ಡಿನ ಒಂದು ಚೂರು ಸಾಕು, ಅದನ್ನು ಮಾಡಿಸಿ.

ಇನ್ನೊಂದು ಅಪರೂಪದ ಮೋಸವೂ ಇದೆ. ಮೂರೂ ನಾಳ ಒಂದೇ ಸಮ ಮುಚ್ಚಿದ್ದರೆ ಇಡೀ ಹೃದಯಕ್ಕೆ ರಕ್ತ ಸಮನಾಗಿ ಕಮ್ಮಿಯಾಗುತ್ತದೆ. ಸ್ಕ್ಯಾನ್ ಹೋಲಿಕೆ ಮಾಡಿ ನೋಡುವ ಯಂತ್ರ. ಎಲ್ಲಾ ಹೊಲವೂ ಒಂದೇ ಸಮ ಒಣಗಿದ್ದರೆ ಅದಕ್ಕೆ ಬೇಗ ಗೊತ್ತಾಗುವುದಿಲ್ಲ. ಅಂಥವರು ಸಾಮಾನ್ಯವಾಗಿ ಟ್ರೆಡ್‌ಮಿಲ್ ಮೇಲೆಯೇ ಬೇಗ ಸೋಲುತ್ತಾರೆ, ಬಿಪಿ ಬೀಳುತ್ತದೆ, ಇಸಿಜಿ ಬಹಳ ಕೆಡುತ್ತದೆ. ನೀವು ಏಳು ನಿಮಿಷ ನೋವಿಲ್ಲದೆ ನಡೆದಿದ್ದೀರಿ. ಹಾಗಾಗಿ ನಿಮ್ಮಲ್ಲಿ ಅದರ ಸಾಧ್ಯತೆ ಕಮ್ಮಿ ಅನ್ನುತ್ತೇನೆ.

ಹಾಗಾದರೆ ಬೆಟ್ಟದ ಮೇಲೆ ಎದೆ ಬಿಗಿದದ್ದು ಯಾಕೆ? ಇದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಸ್ಕ್ಯಾನ್ ನಾರ್ಮಲ್ ಎಂದು ಆ ದಿನದ ಸಂಕಟ ಸುಳ್ಳಾಗುವುದಿಲ್ಲ. ರಕ್ತ ಕಮ್ಮಿ ಇದೆಯಾ, ಥೈರಾಯ್ಡ್ ಹೇಗಿದೆ, ಶ್ವಾಸಕೋಶ ಹೇಗಿದೆ ನೋಡಿಸಿ. ಮಿಲ್ಲಿನ ಧೂಳಿನಲ್ಲಿ ಎಷ್ಟು ವರ್ಷ ಕೂತಿದ್ದೀರಿ? ಅದನ್ನೂ ಡಾಕ್ಟರಿಗೆ ಹೇಳಿ. ಏನೂ ಇಲ್ಲದಿದ್ದರೆ ದಿನವಿಡೀ ಕುರ್ಚಿಯಲ್ಲಿದ್ದು ಒಮ್ಮೆಗೇ 575 ಮೆಟ್ಟಿಲು ಹತ್ತಲು ಹೊರಟಿದ್ದೇ ಕಾರಣ ಇರಬಹುದು. ಗುಟ್ಕಾ, ಬೀಡಿ ಬಗ್ಗೆ ಪತ್ರದಲ್ಲಿ ಒಂದಕ್ಷರ ಇಲ್ಲ. ಇಲ್ಲ ಎಂದೇ ನಂಬುತ್ತೇನೆ. ಇದ್ದರೆ ಈ ಸ್ಕ್ಯಾನಿಗಿಂತ ದೊಡ್ಡ ವಿಷಯ ಅದು. 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ 53ರ ಸುಮಾರಿಗೆ ಬಂದಿತ್ತು, ಬೇರೆಯವರಿಗೆ 59ರ ಸುಮಾರಿಗೆ. ನಮಗೆ ಆರು ವರ್ಷ ಮುಂಚೆ. ಅದರಲ್ಲಿ ತಂಬಾಕು, ಶುಗರ್, ಬಿಪಿ, ಕೊಬ್ಬು, ಬೊಜ್ಜು, ಒತ್ತಡ, ಕೂತೇ ಇರುವುದು ಇವೇ ಮುಖ್ಯ ಪಾತ್ರ.

ವರ್ಷಾ ವರ್ಷಾ ಸ್ಕ್ಯಾನ್ ಬೇಡ. ತೊಂದರೆ ಇಲ್ಲದವರಿಗೆ ಪ್ರತಿ ವರ್ಷ ಮಾಡಿಸಿದರೆ ವಿಕಿರಣವೂ ಸುಮ್ನೆ, ಖರ್ಚೂ ಸುಮ್ನೆ. ಹೊಸದಾಗಿ ಎದೆ ಬಿಗಿದರೆ, ಮೊದಲು ನಡೆಯುತ್ತಿದ್ದ ದೂರ ಈಗ ಆಗುತ್ತಿಲ್ಲ ಅನಿಸಿದರೆ, ಇಸಿಜಿ ಬದಲಾದರೆ ಆಗ ಮಾಡಿಸುವುದು. ಶುಗರ್ ಇದ್ದವರಿಗೆ ಕೆಲವೊಮ್ಮೆ ನೋವೇ ಬರುವುದಿಲ್ಲ, ಬರೀ ದಮ್ಮು, ಬೆವರು, ಸುಸ್ತು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾನು ನಿಮ್ಮ ಜಾಗದಲ್ಲಿದ್ದರೆ ಇನ್ನೊಂದು ಕೆಲಸ ಮಾಡಿಸುತ್ತಿದ್ದೆ, ಕ್ಯಾಲ್ಸಿಯಂ ಸ್ಕೋರ್. ಇಂಜೆಕ್ಷನ್ ಇಲ್ಲದ ಸಣ್ಣ ಸಿಟಿ ಸ್ಕ್ಯಾನ್ ಅದು, ಡೋಸ್ ಸುಮಾರು 1 ಮಿಲಿಸೀವರ್ಟ್. ಹರಿವಿನ ಸ್ಕ್ಯಾನ್ ತೋರಿಸದ ಗೋಡೆಯ ಕತೆಯನ್ನು ಅದು ಸ್ವಲ್ಪ ಹೇಳುತ್ತದೆ. ಸೊನ್ನೆ ಬಂದರೆ ನಿಮ್ಮ ವಾರಂಟಿ ಉದ್ದವಾಗುತ್ತದೆ. ನೂರಾರು ಬಂದರೆ ಗುಳಿಗೆ ಬಗ್ಗೆ ನೀವು ಮತ್ತೆ ಕೇಳುವುದೇ ಇಲ್ಲ. ಆದರೆ ಇದು ತುರ್ತಿಲ್ಲ. ವಿಕಿರಣವೇ ಬೇಡ ಅನ್ನುವವರಿಗೆ ಸ್ಟ್ರೆಸ್ ಎಕೋ ಇದೆ, ಹೃದಯಕ್ಕೆ ಒತ್ತಡ ಕೊಟ್ಟು ಅಲ್ಟ್ರಾಸೌಂಡಿನಲ್ಲಿ ನೋಡುವುದು. ಮಾಡುವವರ ಕೈ ಪಳಗಿರಬೇಕು, ಅದೊಂದೇ ಷರತ್ತು.

ಒಂದು ವೇಳೆ ಕಲೆ ಕಂಡಿದ್ದರೆ? ಈ ಭಾಗದಲ್ಲಿ ಬ್ಲಾಕ್ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಹೊಲ ಅಡ ಇಟ್ಟು ಸ್ಟೆಂಟಿಗೆ ಓಡುವುದನ್ನು ನೋಡಿದ್ದೇನೆ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅನ್ನುವ ಅಧ್ಯಯನದಲ್ಲಿ 37 ದೇಶಗಳ 5,179 ಜನ ಇದ್ದರು. ಸ್ಟ್ರೆಸ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ಜಾಸ್ತಿ ಕೊರತೆ ಕಂಡವರು, ಆದರೆ ಸ್ಥಿತಿ ಸ್ಥಿರವಾಗಿದ್ದವರು. ಅರ್ಧ ಜನರಿಗೆ ಬೇಗ ಆಂಜಿಯೋಗ್ರಾಂ ಮಾಡಿ ಬೇಕಾದಲ್ಲಿ ಸ್ಟೆಂಟ್ ಅಥವಾ ಬೈಪಾಸ್, ಉಳಿದವರಿಗೆ ಮೊದಲು ಗುಳಿಗೆ. ಮೂರು ವರ್ಷ ದಾಟಿದ ಮೇಲೂ ಸಾವಿನಲ್ಲಿ, ಹಾರ್ಟ್ ಅಟ್ಯಾಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎದೆ ನೋವು ಇದ್ದವರಿಗೆ ಸ್ಟೆಂಟಿನಿಂದ ಆರಾಮ ಜಾಸ್ತಿ ಸಿಕ್ಕಿತು, ಅದು ನಿಜ. ಮುಖ್ಯ ನಾಳದ ಬುಡವೇ ಮುಚ್ಚಿದವರು, ಹೃದಯ ತೀರಾ ಬಲಹೀನ ಇದ್ದವರು ಇದರಲ್ಲಿ ಇರಲಿಲ್ಲ, ಅವರ ದಾರಿ ಬೇರೆ. ಭಾವನವರಿಗೂ ಈ ಪ್ಯಾರಾ ಓದಿ ಹೇಳಿ.

ರಿಪೋರ್ಟ್ ಕಪಾಟಿನಲ್ಲಿ ನಾರ್ಮಲ್ ಎಂದು ಕೂತಿದ್ದಾಗಲೇ ಒಂದು ದಿನ ಎದೆ ಜೋರು ಹಿಡಿದು, ಬೆವರಿ, ಎಡಗೈಗೋ ದವಡೆಗೋ ನೋವು ಹರಿದು, ಹದಿನೈದು ನಿಮಿಷ ಕಳೆದರೂ ಬಿಡದಿದ್ದರೆ ರಿಪೋರ್ಟ್ ಹುಡುಕುತ್ತಾ ಕೂರಬೇಡಿ. ಗ್ಯಾಸ್ ಎಂದು ಸೋಡಾ ಕುಡಿಯಬೇಡಿ. 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ಅಂಜನಾದ್ರಿಗೆ ಮತ್ತೆ ಹೋಗಿ. ಮೂರು ತಿಂಗಳು ದಿನಾ ನಡೆದ ಮೇಲೆ ಹೋಗಿ, ಬಿಸಿಲೇರುವ ಮೊದಲು, ಖಾಲಿ ಹೊಟ್ಟೆಯಲ್ಲೂ ಬೇಡ, ತುಂಬಿದ ಹೊಟ್ಟೆಯಲ್ಲೂ ಬೇಡ. ಶುಗರ್ ಗುಳಿಗೆ ತೆಗೆದುಕೊಂಡಿದ್ದರೆ ಜೇಬಿನಲ್ಲಿ ಬೆಲ್ಲದ ಚೂರು ಇರಲಿ. ನೂರು ಮೆಟ್ಟಿಲಿಗೊಮ್ಮೆ ನಿಂತು, ಜೊತೆಯವರ ಹತ್ತಿರ ಮಾತಾಡಿ. ಮಾತು ಸಲೀಸಾಗಿ ಬಂದರೆ ಮುಂದಿನ ನೂರು. ಹೋದ ಸಲ ಕುಳಿತುಬಿಟ್ಟ ಮೆಟ್ಟಿಲು ನಿಮಗೆ ನೆನಪಿರುತ್ತದೆ. ಅದನ್ನು ಆರಾಮಾಗಿ ದಾಟಿದಿರಾ, ಅಥವಾ ಅಲ್ಲೇ ಮತ್ತೆ ಬಿಗಿಯಿತಾ, ನನಗೆ ಬರೆಯಿರಿ. ಜೊತೆಗೆ ಎಲ್‌ಡಿಎಲ್, ಮೂರು ತಿಂಗಳ ಸರಾಸರಿ ಶುಗರ್, ಸ್ಕ್ಯಾನ್ ದಿನದ ಹೃದಯ ಬಡಿತ, ಈ ಮೂರು ಅಂಕಿಯೂ ಇರಲಿ.